ಅರವತ್ತು ಮನೆ

ಹಾಸನದ ಕಲ್ಲಿನಲ್ಲಿ ಇವು ಸಿಕ್ಕುವುದಿಲ್ಲ.
ಇಲ್ಲಿಯ ಬಂಡೆ ಗಟ್ಟಿಯಾಗುವಾಗ
ಚಿಪ್ಪು ಕಟ್ಟಿಕೊಳ್ಳುವ ಯೋಚನೆ
ಯಾವ ಜೀವಕ್ಕೂ ಬಂದಿರಲಿಲ್ಲ.
ಹಾಗಾಗಿ ಸಮುದ್ರವನ್ನು ನಾವು ಹೊರಗಿನಿಂದ ತರುತ್ತೇವೆ,
ಅರಿಯಲೂರಿನ ಸುಣ್ಣದ ಗಣಿಯಿಂದ, ಸಿಮೆಂಟು ಚೀಲದಲ್ಲಿ.
ಮೆಜೆಸ್ಟಿಕ್ಕಿನಲ್ಲಿ ಕಂಡಕ್ಟರ್ ಚೀಲವನ್ನು ಕಾಲಿನಿಂದ ತಿವಿದು
ಗೊಬ್ಬರವಾ ಅಂದ. ಸಮುದ್ರದ ತಳ ಅಂದೆ.
ಲಗೇಜು ಟಿಕೆಟ್ಟು ಹರಿದ.

ಹೇಮಾವತಿ ನೀರು ಬರುವುದು ದಿನ ಬಿಟ್ಟು ದಿನ.
ಬಂದ ದಿನ ಜವರಯ್ಯ
ಹಿಂದಿನ ಸಂಜೆಯೇ ಸೋಡಾ ಹಾಕಿ ಕುದಿಸಿಟ್ಟ ಜೇಡಿಯನ್ನು
ಜರಡಿಗೆ ಸುರಿದು, ಕೂಸಿನ ನೆತ್ತಿಗೆ ನೀರು ಹೊಯ್ಯುವ ಹಾಗೆ
ನಲ್ಲಿಗೆ ಅಂಗೈ ಅಡ್ಡ ಹಿಡಿದು ತೊಳೆಯುತ್ತಾರೆ.
ಏಳು ಕೋಟಿ ವರ್ಷದ ಕೆಸರು
ಕಾಲೇಜಿನ ಮೋರಿ ಸೇರುತ್ತದೆ.
ಜರಡಿಯಲ್ಲಿ ಉಳಿಯುವುದು ಒಂದು ಚಮಚ ರವೆ.

ಆ ರವೆಯೇ ನನ್ನ ಕೆಲಸ.
ಮೂರು ಸೊನ್ನೆ ನಂಬರಿನ ಕುಂಚ,
ತುದಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿ
ಬೈಯುತ್ತಿದ್ದ ಸರ್ವಮಂಗಳಾ ಮೇಡಂ ತಾವೂ ಹಾಗೇ ಮಾಡುತ್ತಿದ್ದರು
ಒಂದೊಂದನ್ನೇ ಎತ್ತಿ ಕಪ್ಪು ಸ್ಲೈಡಿನ ಮನೆಯಲ್ಲಿ ಕೂರಿಸುವುದು.
ಅರವತ್ತು ಮನೆ. ಚೌಕಾಬಾರಕ್ಕಿಂತ ಹೆಚ್ಚು,
ಆದರೆ ಯಾವ ಕಾಯೂ ಹಣ್ಣಾಗುವುದಿಲ್ಲ.

ಎಳ್ಳಿಗಿಂತ ಸಣ್ಣದು, ಆದರೂ ಎಡ ಬಲ ಇದೆ.
ಎರಡು ಕದಕ್ಕೆ ಒಂದು ಕೀಲು, ಕೀಲಿಗೆ ಹಲ್ಲು,
ಒಳಮೈಯಲ್ಲಿ ಸ್ನಾಯು ಹಿಡಿದಿದ್ದ ಕಡೆ ನಾಲ್ಕು ಚುಕ್ಕೆ,
ಯಾರೋ ಒಳಗಿನಿಂದ ಎಳೆದು
ಬಾಗಿಲು ಹಾಕಿಕೊಂಡ ಗುರುತು.

ಇವಕ್ಕೂ ಜಾತಿ ಬರೀಬೇಕಾ, ಕೇಳಿದರು ಜವರಯ್ಯ.
ಜಾತಿ ಅಲ್ಲ, ಪ್ರಭೇದ ಅಂದೆ.
ನಕ್ಕರು. ಬೋರ್ಡು ಬದಲಾಯ್ಸಿದ್ರೆ
ಬಾವಿ ನೀರು ಬದಲಾಯ್ತದಾ?
ನಾನು ಮತ್ತೆ ಮಸೂರಕ್ಕೆ ಕಣ್ಣು ಹಚ್ಚಿದೆ.

ನಾಲ್ಕು ವರ್ಷಕ್ಕೆ ಮೂವತ್ತೊಂದು ಹೆಸರಿನ ಪಟ್ಟಿ.
ಹದಿನಾಲ್ಕನೆಯದು ನೀಳ, ತೆಳು.
ಹದಿನೈದನೆಯದು ಗಿಡ್ಡ, ಹಿಂಭಾಗ ಉಬ್ಬು.
ಬೇರೆ ಬೇರೆ ಅಳೆದು, ಬೇರೆ ಬೇರೆ ಚಿತ್ರ ಬರೆದು,
ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂದ ಮೇಲೆ
ದೀಪದ ಕೋನ ಯಾಕೋ ಸ್ವಲ್ಪ ಸರಿದಿತ್ತು
ಅವೇ ನಾಲ್ಕು ಚುಕ್ಕೆ. ಅದೇ ಹಲ್ಲು.
ಉಬ್ಬಿದ್ದು ಮೊಟ್ಟೆಗೆ ಬಿಟ್ಟ ಜಾಗ.
ಗಂಡು ಹೆಣ್ಣನ್ನು ಎರಡು ಅಧ್ಯಾಯಕ್ಕೆ ಹಂಚಿಬಿಟ್ಟಿದ್ದೆ.
ಇಪ್ಪತ್ತೆರಡು ಅಂತ ಬರೆದದ್ದು ಅವುಗಳದೇ ಮರಿ.
ಒಂದು ಜೀವ ಎಂಟು ಸಲ ಪೊರೆ ಬಿಡುತ್ತದೆ,
ಬಿಟ್ಟದ್ದೆಲ್ಲ ಕಲ್ಲಾಗುತ್ತದೆ.
ಚಿಪ್ಪು ಎಣಿಸಿದರೆ ಜೀವ ಎಣಿಸಿದಂತಲ್ಲ.
ಮೂವತ್ತೊಂದು ಹತ್ತೊಂಬತ್ತಕ್ಕೆ ಇಳಿಯಿತು. ಅತ್ತೆ ಸ್ವಲ್ಪ.

ಜವರಯ್ಯನಿಗೆ ಬರುವ ಮಾರ್ಚಿಗೆ ರಿಟೈರು.
ಶಾಲೆಯ ಸರ್ಟಿಫಿಕೇಟಿನಲ್ಲಿ ಜವರಯ್ಯ,
ಸರ್ವಿಸ್ ರಿಜಿಸ್ಟರಿನಲ್ಲಿ ಟಿ. ಜವರಪ್ಪ,
ಆಧಾರಿನಲ್ಲಿ ಜಾವಾರಯ.
ಮೂರೂ ಜನ ಒಬ್ಬನೇ ಅನ್ನುವುದಕ್ಕೆ ಪುರಾವೆ ತನ್ನಿ
ಎಂದು ಖಜಾನೆಯಿಂದ ಕಾಗದ ಎರಡನೇ ಸಲ ವಾಪಸು.
ಅದನ್ನು ಮಡಚಿ ಜೇಬಿಗಿಟ್ಟು ಕೇಳಿದರು:
ನೀವು ಇಬ್ರುನ್ನ ಒಬ್ರು ಅಂತ ಮಾಡ್ಸುದ್ರಲ್ಲ ಅಮ್ಮ,
ಅದು ಯಾವ ಆಫೀಸು?

ನಿಯಮ ಹೇಳಿದೆ. ಮೊದಲು ಅಚ್ಚಾದ ಹೆಸರು ನಿಲ್ಲುತ್ತದೆ.
ಮಿಕ್ಕವನ್ನು ಅಳಿಸುವುದಿಲ್ಲ,
ಅದರ ಕೆಳಗೆ ಸಾಲಾಗಿ ಬರೆದಿಡುತ್ತೇವೆ,
ಯಾರು, ಯಾವ ವರ್ಷ, ಹೇಗೆ ತಪ್ಪಿದರು ಎಂದು.
ಅವರು ಬಹಳ ಹೊತ್ತು ಜರಡಿಯ ಅಂಚು ಒರೆಸಿದರು.
ಮೊದ್ಲು ನಮ್ಮವ್ವ ಕರ್ದಿದ್ದು ಕರಿಯಾ ಅಂತ.
ಅದು ಎಲ್ಲೂ ಅಚ್ಚಾಗ್ಲಿಲ್ಲ.

ಅರವತ್ತನೇ ಮನೆಯಲ್ಲಿ ಒಂದೇ ಒಂದು ಚಿಪ್ಪು, ಬಲದ್ದು.
ಮೇಲೆ ಜೇನುಹುಟ್ಟಿನಂಥ ಗುಳಿ.
ಯಾವ ಪುಸ್ತಕದ ಯಾವ ಚಿತ್ರಕ್ಕೂ ಹೊಂದುವುದಿಲ್ಲ.
ಎಡದ್ದು ಸಿಕ್ಕದೆ ಹೆಸರಿಡುವಂತಿಲ್ಲ.
ಪಟ್ಟಿಯಲ್ಲಿ ಆ ಸಾಲಿಗೆ ಪ್ರಶ್ನೆಯ ಗುರುತು ಹಾಕಿದ್ದೇನೆ.
ಚೀಲದಲ್ಲಿ ಇನ್ನೂ ಅರ್ಧ ಇದೆ.
ನಾಳೆ ನೀರಿನ ದಿನ.
ಒಳಗೆ ಜವರಯ್ಯ ಸ್ಟೋವು ಹಚ್ಚಿದ ಸದ್ದು.