ಕಾರಣ: ಶಾರ್ಟ್

ಅಯ್ಯಮ್ಮ ಕಾಗದ ತಂದಾಗ
ನನ್ನ ಮುಂದ ಐದು ಎಚ್‌ಪಿ ಮೋಟಾರು
ಹೊಟ್ಟಿ ಬಿಚ್ಚಿಕೊಂಡು ಬಿದ್ದಿತ್ತು.
ಭೀಮಾ ದಂಡಿಯಿಂದ ಬಂದದ್ದು, ಒಳಗ ಸುಟ್ಟ ವಾರ್ನಿಷಿನ ನಾತ.
'ಮೇಸ್ತ್ರಿ, ಇಂಗ್ಲಿಷಿನಾಗ ಬರೆದಾರ.
ನೀ ಕಲಿಸಿದ ಕೆಲಸದ ಮಾತೇ ಇರಬೇಕು, ಓದು.'

ನಂದು ಏಳನೇತ್ತ ಪಾಸು.
ಆದರ ಆ ಒಂದು ಮಾತು ಯಾವ ಅಕ್ಷರದಾಗ ಬರೆದರೂ
ಗುರ್ತು ಹಿಡೀತೀನಿ:
ಶಾರ್ಟ್ ಸರ್ಕ್ಯೂಟ್.
ಮೂರು ಸಾಲು, ಎರಡು ದಸ್ಕತ್ತು, ಒಂದು ಲಂಗರಿನ ಮುದ್ರಿ.

ಯಾದಗಿರಿ ಸ್ಟೇಷನ್ ರೋಡಿನ ಈ ತಗಡಿನ ಡಬ್ಬಿಯೊಳಗ
ಮೌನೇಶ ನಾಲ್ಕು ಬ್ಯಾಸಗಿ ಕೂತು ತಂತಿ ಸುತ್ತಿದ.
ಎಣಿಕಿ ತಪ್ಪಿದರ, ನಾ ಬೈಯೋದರ ಮೊದಲ
ತಾನೇ ಬಿಚ್ಚತಿದ್ದ, ಪೂರಾ.
ಬಿದಿರಿನ ಬೆಣೆ ಹಲ್ಲಿಲೆ ಕಚ್ಚಿ ಸವರತಿದ್ದ.
ಹಡಗಿಗೆ ಹೋಗಿ ಒಂದು ವರ್ಷಕ್ಕ ಫೋನ್ ಮಾಡಿ ನಕ್ಕ:
'ಇಲ್ಲಿ ಇಲಿ ಇಲ್ಲ ಮೇಸ್ತ್ರಿ,
ಆದರೂ ಯಾವುದೋ ತಂತಿ ಕಡೀತದ.'
ನಾನೂ ನಕ್ಕೆ.

ಮೊದಲ ದಿನ ಟಿವಿಯಾಗ:
ರಿಪೇರಿಗೆ ನಿಂತ ಹಡಗು, ಸಣ್ಣ ಬೆಂಕಿ, ಯಾರಿಗೂ ಏನೂ ಆಗಿಲ್ಲ.
ಮರುದಿನ: ಹತೋಟಿಯಲ್ಲಿದೆ.
ಮೂರನೇ ದಿನ ಬಿಳಿ ಬಟ್ಟಿಯ ಇಬ್ಬರು ಜೀಪು ಇಳಿದು
ಅಯ್ಯಮ್ಮನ ಮನಿ ಕೇಳಿದರು.
ಅವರ ಬಿಳಿ ಬೂಟಿಗೆ ನಮ್ಮ ಓಣಿಯ ಧೂಳು ಮೆತ್ತಿತ್ತು,
ಒರೆಸಿಕೊಳ್ಳಲಿಲ್ಲ, ಅಷ್ಟು ಮರ್ಯಾದಿ ಇತ್ತು.
ಆ 'ಯಾರಿಗೂ' ಅನ್ನೋ ಮಾತಿನೊಳಗ
ಮೌನೇಶ ಇದ್ದ.

ಚಹಾದಂಗಡ್ಯಾಗ ಮಂದಿ ಆ ಹಡಗನ್ನ ದಿನಾ ಒಮ್ಮೆ ಸುಡತಾರ.
ಶತ್ರುಗಳ ಕೈವಾಡ ಅಂತಾನ ಪೇಪರ್ ಹಂಚೋ ಸೂಗಪ್ಪ.
ಯಾರೋ ಬೀಡಿ ಸೇದಿರಬೇಕು ಅಂತಾನ, ಬೀಡಿ ಹಚ್ಚಿಕೋತ, ರಿಟೈರ್ ಆದ ಟಪಾಲಿ.
ಟೆಂಡರಿನ ಕೇಬಲ್ಲು, ಕಳಪಿ ಮಾಲು ಅಂತಾನ ರಸ್ತೆ ಗುತ್ತೇದಾರ.
ಅವನಿಗೆ ಗೊತ್ತಿರಬೇಕು.
ಸಮುದ್ರ ನೋಡಿದವರು ಅಲ್ಲಿ ಒಬ್ಬರೂ ಇಲ್ಲ.
ಕಾಗದ ನಂಬಿದವರೂ ಒಬ್ಬರೂ ಇಲ್ಲ.

ಅಯ್ಯಮ್ಮ ಕೇಳಿದ್ದು ಒಂದೇ:
'ಖರೇ ಏನು, ಚಾಂದಪಾಶಾ?'

ಹ್ಯಾಂಗ ಹೇಳಲಿ.
ಶಾರ್ಟ್ ತಾನಾಗೇ ಹುಟ್ಟೋದಿಲ್ಲವ್ವ.
ಎಲ್ಲೋ ಸಿಪ್ಪಿ ಸವೆದಿರತದ, ಎಲ್ಲೋ ನೀರು ಜಿನುಗಿರತದ,
ಫ್ಯೂಜಿನ ಜಾಗದಾಗ ಯಾರೋ ದಪ್ಪ ತಂತಿ ಕಟ್ಟಿರತಾರ,
'ನಾಳೆ ನೋಡಿದರಾಯ್ತು' ಅಂದಿರತಾರ.
ಆ 'ನಾಳೆ' ಅಂದವನ ಹೆಸರು ಕಾಗದದಾಗ ಇಲ್ಲ.

ಇಷ್ಟು ಹೇಳಿ ಬಾಯಿ ಮುಚ್ಚಿದೆ.
ಯಾಕಂದರ ನನ್ನ ಬಿಲ್ ಬುಕ್ಕು ಅಲ್ಲೇ ಇತ್ತು.
ಇಪ್ಪತ್ತಾರು ವರ್ಷದಿಂದ
ಗೊತ್ತಾಗದ ಮೋಟಾರಿಗೆಲ್ಲ
ನಾ ಬರೆದದ್ದೂ ಅದೇ: ಕಾರಣ, ಶಾರ್ಟ್.
ರೈತ ತಲಿ ಆಡಿಸಿ ರೊಕ್ಕ ಎಣಿಸತಾನ,
ಯಾವನೂ ತಿರುಗಿ ಕೇಳಿಲ್ಲ.

ಆ ಹಡಗಿನ ತಂತಿ ಒಂದು ಗೇಣು ಕೊಡ್ರಿ ಅಂತ
ವಕೀಲರ ಕಡಿಂದ ಅರ್ಜಿ ಬರೆಸಿದೆ.
ದೇಶದ ಭದ್ರತೆ ಅಂತ ಉತ್ತರ ಬಂತು,
ಭಾಳ ಚಂದದ ಕಾಗದ, ದಪ್ಪಂದು.

ಆ ರಾತ್ರಿ ಅಂಗಡಿ ಅರ್ಧ ಮುಚ್ಚಿ
ಅಯ್ಯಮ್ಮನ ಎದುರಿಗೆ ಎರಡು ತಾಮ್ರದ ಎಳಿ ಹಿಡಿದೆ.
ಒಂದಕ್ಕ ಕರೆಂಟು ತಾಗಿಸಿದೆ. ಚಟ್.
ತುದಿಗೆ ರಾಗಿ ಕಾಳಿನಂಥ ದುಂಡನ್ನ ಮಣಿ ಕೂತಿತು.
ಇನ್ನೊಂದನ್ನ ಗ್ಯಾಸಿನ ಉರಿಗೆ ಒಡ್ಡಿದೆ.
ಅದು ಸೊರಗಿ, ಜೋತು, ಮಣಿಯಿಲ್ಲದ ಕರಗಿತು.
'ಇದು ತಾ ಹಚ್ಚಿದ ಬೆಂಕಿ.
ಇದು ಮತ್ತೊಬ್ಬರ ಬೆಂಕಿಗೆ ಸಿಕ್ಕಿದ್ದು.
ನೋಡಿದರ ಗೊತ್ತಾಗತದ. ನೋಡಾಕ ಕೊಡಬೇಕಷ್ಟೇ.'

ಎರಡೂ ಆರೋತನಕ ಕಾದಳು.
ಜೋತ ಎಳಿಯನ್ನ ಸೆರಗಿನ ಚುಂಗಿಗೆ ಗಂಟು ಹಾಕಿಕೊಂಡಳು,
ಮಣಿ ಇದ್ದದ್ದು ನನಗೇ ಬಿಟ್ಟಳು.

ಮರುದಿನ ಮೋಟಾರಿನವ ಬಂದ.
ಬಿಲ್ಲಿನಾಗ 'ಕಾರಣ' ಅನ್ನೋ ಕಡಿ ಖಾಲಿ ಬಿಟ್ಟೆ.
'ಇದ್ಯಾಕ?' ಅಂದ.
'ಇನ್ನೊಂದು ದಿನ ಬಿಡು' ಅಂದೆ, 'ಬಿಚ್ಚಿ ನೋಡತೀನಿ.'
ಬೆಳಿ ಒಣಗತದ ಅಂತ ಬೈದು ಹೋದ.