ಆರು-ಒಂದು, ಆರು-ಸೊನ್ನೆ

ನಂಜನಗೂಡಿನ ರೈಲು ಕೂಗಿದಾಗ
ಸರ್ವ್‌ಗೆಂದು ಮೇಲೆಸೆದ ಚೆಂಡನ್ನು ಹಾಗೇ ಕೈಯಲ್ಲಿ ಹಿಡಿದು
ಅದು ದಾಟಿಹೋಗುವ ತನಕ ಕಾದಳು ಸಿಲ್ಕೆ ಬ್ರೂನ್.
ಜರ್ಮನಿಯವಳು, ಇಪ್ಪತ್ತರ ಹುಡುಗಿ,
ಮಂಡಿಗೆ ಕಂದು ಪಟ್ಟಿ, ಮೂಗಿನ ಮೇಲೆ ಬಿಸಿಲಿಗೆದ್ದ ಸಿಪ್ಪೆ.
ತೊಂಬತ್ತೆರಡರ ಫೆಬ್ರವರಿ. ಚಾಮರಾಜಪುರದ ಮಣ್ಣಿನ ಅಂಕಣ.
ಮಾರ್ಕರ್ ಮಾದಯ್ಯನ ಬಾಯಲ್ಲಿ ಅವಳು ಸಿಲ್ಕಮ್ಮ:
‘ನಮ್ ಫ್ಯಾಕ್ಟ್ರಿ ಸೀರೆ ಹೆಸ್ರು ಕಣವ್ವ, ಕೈಗೆ ಸಿಗಾಕಿಲ್ಲ, ಜಾರ್ತಳೆ.’

ಕಪ್ಪುಹಲಗೆಯಲ್ಲಿ ಅವಳ ಹೆಸರು ಸಲೀಸಾಗಿ ಹಿಡಿಸಿತು.
ನನ್ನದು ಅಜ್ಜಿಯ ಹೆಸರು, ಚೆಲುವಾಜಮ್ಮಣ್ಣಿ.
‘ಚೆಲುವಾಜ’ಕ್ಕೇ ಹಲಗೆ ಮುಗಿದು
ಉಳಿದ ನಾನು ಚೌಕಟ್ಟಿನ ಆಚೆ ನಿಂತು ಆಡಿದೆ.
ಊರಿನವಳೆಂದು ಕೊಟ್ಟ ಜಾಗ.
ನಲವತ್ತೊಂದು ನಿಮಿಷ.
ಆರು-ಒಂದು, ಆರು-ಸೊನ್ನೆ.

ಆ ಒಂದರ ವಿಷಯ ಆಮೇಲೆ.

ಮರುವಾರವೇ ಹತ್ತಿತು ಚಟ.
ವಾಚನಾಲಯದ ಉದ್ದ ಮೇಜು,
ಇಂಗ್ಲಿಷ್ ಪತ್ರಿಕೆಯ ಕ್ರೀಡಾಪುಟದ ಅಡಿಯಲ್ಲಿ
ಅಕ್ಕಿನುಚ್ಚಿನಂಥ ಸಣ್ಣಕ್ಷರ,
ಅದರೊಳಗೆ ಅವಳನ್ನು ಹುಡುಕುತ್ತ ಕೂತೆ, ಕಲ್ಲು ಆರಿಸುವ ಹಾಗೆ.
ಸಿಕ್ಕಳು ಲಿಸ್ಬನ್ನಿನಲ್ಲಿ, ಎರಡನೆಯ ಸುತ್ತು.
ಬುಡಾಪೆಸ್ಟಿನಲ್ಲಿ, ಮೂರು ಸೆಟ್ಟು ಎಳೆದಾಡಿ ಸೋತು.
ನಾಲ್ಕು ತಿಂಗಳು ಪತ್ತೆಯಿಲ್ಲ, ಆಮೇಲೆ ದಿಢೀರನೆ ಜಕಾರ್ತ.
ಕ್ಲಬ್ಬಿಗೆ ತಡವಾಗಿ ಬರುವ ಮಾಸಪತ್ರಿಕೆಯ ಪಟ್ಟಿಯಲ್ಲಿ
ಮುನ್ನೂರ ಹನ್ನೆರಡು, ಇನ್ನೂರ ನಲವತ್ತು, ನೂರ ಅರವತ್ತೆಂಟು.
ಮಂಡ್ಯದ ಭಾವ ಆಲೆಮನೆ ಜಗಲಿಯಲ್ಲಿ ಕೂತು
ಬೆಲ್ಲದ ದರ ಓದುತ್ತಾರಲ್ಲ, ಹಾಗೆ ಓದಿದೆ:
ಅವಳು ಏರಿದಷ್ಟೂ
ನನ್ನ ಬಳಿಯಿದ್ದ ಒಂದೇ ಒಂದು ಅಚ್ಚಿಗೆ ಬೆಲೆ.

ನಾನು ಬಿ.ಪಿ.ಎಡ್. ಮುಗಿಸಿದ ವರ್ಷ
ಪ್ಯಾರಿಸ್ಸಿನ ಮುಖ್ಯ ಸುತ್ತಿಗೆ ಬಂದಳು.
ಮೊದಲ ದಿನವೇ ಸೋತಳು, ಕೊನೆಯ ಸೆಟ್ಟು ಹತ್ತು-ಎಂಟು.
ಸುದ್ದಿ ಅಷ್ಟೇ. ಆ ಹತ್ತು-ಎಂಟನ್ನು ನಾನು
ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತ
ಹದಿನೆಂಟು ಗೇಮೂ ಬಿಡದೆ ಆಡಿ ಮುಗಿಸಿದೆ,
ಒಂದು ಸಂಜೆ ಅವಳನ್ನು ಗೆಲ್ಲಿಸಿಯೂ ಬಿಟ್ಟೆ.

ಆಮೇಲೆ ಮದುವೆ, ಹುಣಸೂರು ರಸ್ತೆಯ ಸ್ಕೂಲು, ಕೊರಳಲ್ಲಿ ಸೀಟಿ.
ಅತ್ತ ಅವಳ ಭುಜಕ್ಕೆ ಎರಡು ಸಲ ಕತ್ತರಿ.
ಅದು ತಿಳಿದದ್ದು ಎಷ್ಟೋ ವರ್ಷದ ಮೇಲೆ;
ಆಗ ತಿಳಿದಿದ್ದು ಇಷ್ಟು: ಸಣ್ಣಕ್ಷರದಲ್ಲಿ ಅವಳಿಲ್ಲ.
ಈ ವಾರ ಇಲ್ಲ. ಯುಗಾದಿಗೆ ಇಲ್ಲ. ದಸರೆಗೂ ಇಲ್ಲ.
ನೂರ ಅರವತ್ತೆಂಟನೆಯವಳು ಆಟ ಬಿಟ್ಟರೆ
ಯಾರೂ ವಿದಾಯ ಅಂತ ಬರೆಯುವುದಿಲ್ಲ,
ಒಂದು ಸಾಲು ಕಡಿಮೆ ಅಚ್ಚಾಗುತ್ತದೆ.
ನಾನು ಕೂಡ ವಾಚನಾಲಯದವನಿಗೆ
ನಾಳೆಯಿಂದ ಬರೋಲ್ಲ ಅಂತೇನೂ ಹೇಳಲಿಲ್ಲ.

ಮೊನ್ನೆ ಮಗಳು ಫೋನಿನಲ್ಲಿ ತೆಗೆದು ತೋರಿಸಿದಳು
ಅವಳ ಅಷ್ಟೂ ಲೆಕ್ಕ: ಹನ್ನೊಂದು ವರ್ಷ,
ಗೆದ್ದದ್ದು ಇನ್ನೂರ ಮೂರು, ಸೋತದ್ದು ನೂರ ತೊಂಬತ್ತೇಳು.
ಬೆರಳಲ್ಲಿ ಕೆಳಗೆ, ಕೆಳಗೆ, ಇನ್ನೂ ಕೆಳಗೆ ಎಳೆದರೆ
ಮೈಸೂರು, ಮೊದಲ ಸುತ್ತು,
‘ಸಿ. ಅಮ್ಮಾನಿ’ಯಂತೆ ನಾನು.
‘ಒಂದಾದ್ರೂ ಹೇಗೆ ಬಂತಮ್ಮ?’
ಗೆರೆ ಮುಟ್ಟಿತ್ತು ಕಣೇ, ಅಂದೆ.

ಮುಟ್ಟಿರಲಿಲ್ಲ. ಎರಡು ಬೆರಳು ಆಚೆ.
ಸುಣ್ಣ ಏಳಲಿಲ್ಲ, ನನ್ನ ಕಣ್ಣಾರೆ ಕಂಡಿದ್ದೇನೆ.
ಗೆರೆಗೆ ನಿಂತವನು ಊರಿನ ಹುಡುಗ,
ಅಂಗೈ ಕೆಳಗೆ ಮಾಡಿ ಒಳಗೆ ಅಂದ.
ಅವಳು ನಡೆದು ಬಂದಳು, ಬಗ್ಗಿದಳು.
ಮಣ್ಣಿನ ಮೇಲೆ ಮಾವಿನ ಓಟೆಯಷ್ಟಗಲದ ಗುರುತು.
ಒಮ್ಮೆ ನನ್ನತ್ತ ನೋಡಿ
ಶೂ ತುದಿಯಿಂದ ಅದನ್ನು ಅಳಿಸಿ
ಬೇಸ್‌ಲೈನಿಗೆ ಹೋಗಿ ನಿಂತಳು.

ಐದು-ಸೊನ್ನೆ ಮುಂದಿದ್ದವಳಿಗೆ ಅದೇನು ಮಹಾ.
ಇಲ್ಲ, ಬಿಸಿಲು. ಇಲ್ಲ, ಬೇಗ ಮುಗಿಯಲಿ ಅಂತ.
ಕರುಣೆ ಅನ್ನುವ ಮಾತನ್ನು ನಾನು ಮೂವತ್ತು ವರ್ಷದಿಂದ
ಹತ್ತಿರ ಬಿಟ್ಟುಕೊಂಡಿಲ್ಲ.

ಸಂಜೆ ಮಾದಯ್ಯ ಬೀಡಿ ಕಚ್ಚಿಕೊಂಡು ನೀರು ಚಿಮುಕಿಸಿ
ರೋಲರ್ ಎಳೆದ. ನಾನು ಬೇಲಿಯ ಬಳಿ ನಿಂತಿದ್ದೆ.
ಆ ಜಾಗ ಬಂದಾಗ ನಿಲ್ಲಿಸು ಅನ್ನಬೇಕೆನಿಸಿತು.
ಅವನು ದಾಟಿಹೋದ.