ಲೆನ್ಸ್ ಇಲ್ಲ

ಹಂಜಗಿಯವರ ಸ್ಟುಡಿಯೋ ಮುಚ್ಚಿದ ವರ್ಷ
ಅವರ ಸೊಸೆ ಇದನ್ನು ನನಗೆ ಕೊಟ್ಟಳು,
ಜರ್ದಾ ಡಬ್ಬಿಯಲ್ಲಿ, ಒಂಟಿ ಕಾಲುಚೀಲದೊಳಗೆ.
ಎಂಟುನೂರು ಅಂದಳು. ಆರುನೂರು ಅಂದೆ.
ಆಗಲಿ, ಡಬ್ಬಿ ವಾಪಸ್ ಬೇಕು ಅಂದಳು.

ರಷ್ಯದ್ದು. ಸುತ್ತ ಕೊರೆದ ಅಕ್ಷರ ನನಗೆ ಬಾರದು.
ಅವ್ವನಿಗೆ ಕನ್ನಡ ಬಿಟ್ಟರೆ ಬೇರೆ ಓದು ಬರುತ್ತಿರಲಿಲ್ಲ,
ಅಕ್ಕಲಕೋಟೆ ಸ್ಟ್ಯಾಂಡಿನಲ್ಲಿ ಬೋರ್ಡೆಲ್ಲ ಮರಾಠಿ.
ಡ್ರೈವರನ ಮೀಸೆ ನೋಡಿ ದುಧನಿ ಬಸ್ಸು ಹತ್ತುತ್ತಿದ್ದಳು,
ಒಮ್ಮೆಯೂ ದಾರಿ ತಪ್ಪಲಿಲ್ಲ.
ಆ ಡ್ರೈವರ್ ಮೀಸೆ ಬೋಳಿಸಿದ ವಾರ ಮಾತ್ರ
ಮನೆಯಲ್ಲೇ ಉಳಿದಳು.

ಪುಣೆಯಿಂದ ಕೊರಿಯರಿನಲ್ಲಿ ಒಂದು ಲೋಹದ ಬಳೆ ಬಂತು:
ಒಂದು ಬದಿ ಹೊಸ ಕ್ಯಾಮೆರಾ ಕಚ್ಚಿಕೊಳ್ಳಲು,
ಇನ್ನೊಂದು ಬದಿ ಹಳೆಯ ತಿರುಪು.
ಲೆನ್ಸಿಗಿಂತ ಬಳೆ ದುಬಾರಿ,
ವರನಿಗಿಂತ ದಲ್ಲಾಳಿಯ ಖರ್ಚು ಹೆಚ್ಚಾದ ಹಾಗೆ.

ಸ್ವಿಚ್ ಹಾಕಿದೆ.
ಪರದೆ ಹೇಳಿತು: ಲೆನ್ಸ್ ಇಲ್ಲ.
ಆ ಮಾತಿನ ಹಿಂದೆಯೇ, ಅದೇ ಪರದೆಯ ಮೇಲೆ
ಹಿತ್ತಲಿನ ತಂತಿ, ತಂತಿಯ ಮೇಲೆ ಗಂಡನ ಬನಿಯನ್ನು,
ಬನಿಯನ್ನಿನ ತೂತು, ತೂತಿನಾಚೆ
ಪಕ್ಕದವರ ಜೋಳದ ರಾಶಿ.
ಕಾಣುತ್ತಿದೆಯಲ್ಲೋ, ಅಂದೆ.
ಲೆನ್ಸ್ ಇಲ್ಲ.

ತಹಸೀಲಿ ಕಚೇರಿಯ ಕಿಟಕಿಯಲ್ಲಿ ಒಮ್ಮೆ
ಅಜ್ಜನ ಶಾಲೆಯ ಕನ್ನಡ ದಾಖಲೆ ಹಿಡಿದು ನಿಂತಿದ್ದೆ.
ಗುಮಾಸ್ತ ಕಾಗದ ಹಿಂದೆ ಮುಂದೆ ತಿರುಗಿಸಿ
ಸೌಮ್ಯವಾಗಿಯೇ ಹೇಳಿದ್ದ:
ಇದರಲ್ಲಿ ಏನೂ ಬರೆದಿಲ್ಲ, ತಾಯಿ.

ಮೆನುವಿನ ಏಳನೇ ಪುಟದಲ್ಲಿ ಒಂದು ಸಾಲು ಸಿಕ್ಕಿತು,
ಲೆನ್ಸ್ ಇಲ್ಲದಿದ್ದರೂ ತೆಗೆಯಲು ಬಿಡು.
ಹೌದು. ಬೇಡ.
ಹೌದು ಒತ್ತಿದೆ.

ಮದುವೆ ಕೆಲಸಕ್ಕೆ ಬೇರೆ ಲೆನ್ಸಿದೆ,
ಕಂತು ಇನ್ನೂ ತೀರಿಲ್ಲ.
ಅದು ತಾನೇ ಕಣ್ಣು ಹುಡುಕಿ ಹಸಿರು ಚೌಕ ಹಾಕುತ್ತದೆ,
ವರನ ಕಣ್ಣಿಗೆ, ಅಯ್ಯನವರ ಕಣ್ಣಿಗೆ,
ಒಮ್ಮೊಮ್ಮೆ ಗೋಡೆಯ ಕ್ಯಾಲೆಂಡರಿನ ದೇವರ ಕಣ್ಣಿಗೆ.
ಇದು ಏನನ್ನೂ ಹುಡುಕುವುದಿಲ್ಲ. ಬೆರಳೇ ಹೋಗಿ ಬರಬೇಕು.
ಚಳಿಗೆ ಗ್ರೀಸು ಗಟ್ಟಿ, ಏಪ್ರಿಲ್ಲಿಗೆ ಸಡಿಲ.
ಒಳಗಿನ ಗಾಜಿಗೆ ಒಂದು ಬದಿ ಬೂಷ್ಟು;
ಬೆಳಕಿಗೆ ಎದುರು ಹಿಡಿದರೆ
ಎಲ್ಲರೂ ಮಜ್ಜಿಗೆಯಲ್ಲಿ ಅದ್ದಿ ತೆಗೆದವರು.

ಹೋದ ತಿಂಗಳು ದುಧನಿಯಲ್ಲಿ
ಸಾತವ್ವ ಬಿರಾಜದಾರಳ ಮನೆ.
ಮೊಮ್ಮಗಳಿಗೆ ಚೌಕಟ್ಟು ಹಾಕಿಸಲು ಒಂದು ಫೋಟೋ ಬೇಕಿತ್ತು.
ಲೆನ್ಸಿನ ದಂಡೆಯ ತಗ್ಗನ್ನು ಮುದುಕಿ ಉಗುರಿನಿಂದ ಮುಟ್ಟಿ
‘ಹಂಜಗಿ ಗುರಪ್ಪಂದಲ್ಲೇನ?
ನನ್ನ ಮದುವಿ ದಿನಾನ ಬಿದ್ದಿತ್ತ ಇದು.
ಅಂವಾ ಅತ್ತಿದ್ದ. ನಾ ನಕ್ಕಿದ್ದೆ,
ಅದಕ್ಕ ಅತ್ತಿ ಚಿವುಟಿದ್ದಳು.’
ಇರಬಹುದು. ಗುರಪ್ಪನ ಬಳಿ ಇಂಥವು ನಾಲ್ಕಿದ್ದವು
ಎಂದು ಸೊಸೆ ಹೇಳಿದ್ದಳು.
ನಾನು ಹೌದು ಎಂದೆ.

ಕಿಟಕಿ ಪಕ್ಕ ಕೂತಳು. ಸೆರಗು ಎಳೆದುಕೊಂಡಳು.
ಎರಡೂ ಕೈ ಮೊಣಕಾಲ ಮೇಲೆ, ಗುಬ್ಬಿಯ ಹಾಗೆ.
ಆಮೇಲೆ ಯಾರೂ ಹೇಳದೆಯೇ
ಉಸಿರು ಹಿಡಿದಳು.

ಐವತ್ತು ವರ್ಷದ ಹಿಂದೆ ಒಬ್ಬ ಹೇಳಿದ್ದ ಮಾತು ಅದು.
ನನ್ನ ಕ್ಯಾಮೆರಾ ಸೆಕೆಂಡಿಗೆ ಇಪ್ಪತ್ತು ತೆಗೆಯುತ್ತದೆ,
ಉಸಿರಾಡಿ ಅಜ್ಜಿ ಅನ್ನಬಹುದಿತ್ತು.
ಅನ್ನಲಿಲ್ಲ.
ಬಳೆ ತಿರುಗಿಸಿದೆ. ಸೆರಗಿನ ಅಂಚು ಬಂತು, ಹೋಯಿತು.
ಮೂಗಿನ ನತ್ತು ಬಂತು.
ಹುಬ್ಬಿನ ಬಿಳಿ ಕೂದಲು ಒಂದೊಂದೇ ಎದ್ದು ನಿಂತವು.
ಪೂರ್ತಿ ತೆರೆದ ಈ ಗಾಜಿಗೆ
ಒಂದು ಕಣ್ಣಿನಿಂದ ಇನ್ನೊಂದಕ್ಕೆ ಒಂದು ಹರದಾರಿ.

ತುಟಿ ಅಲುಗಿಸದೆ ಕೇಳಿದಳು:
‘ಬಿಡ್ಲೇನವಾ?’

ಎಡಗಣ್ಣು ಇನ್ನೂ ಕೂದಲೆಳೆಯಷ್ಟು ಆಚೆ ಇತ್ತು.